ಮಳಖೇಡದಿಂದ ಬಾಯಲ್ಲಿ ತಂದ ಸ್ವರ

ಮುಚ್ಚಿದ ತುಟಿ, ತುಸು ಉಬ್ಬಿದ ಗಲ್ಲ, ಗಂಟಲ ಗುಳಿಯ ಮೇಲೆ ಬಲಗೈಯ ಎರಡು ಬೆರಳು. ಮಳಖೇಡದಿಂದ ಸೇಡಂಗೆ ಬರುವ ಬಸ್ಸಿನಲ್ಲಿ ಮಾಸ್ತರರು ಕಿಟಕಿಯ ಪಕ್ಕ ಹೀಗೆ ಕೂತಿರುತ್ತಿದ್ದರು. ಬಾಯಲ್ಲಿ ಎಲೆ ಅಡಿಕೆ ಇದೆ ಎಂದು ಕೆಲವರು ತಿಳಿಯುತ್ತಿದ್ದರು, ಹಲ್ಲುನೋವು ಎಂದು ಕೆಲವರು. ತೀರ ಹತ್ತಿರ ಕೂತವರಿಗೆ ಮಾತ್ರ ಗೊತ್ತಾಗುತ್ತಿತ್ತು: ಡಬ್ಬಿಯಲ್ಲಿ ಸಿಕ್ಕಿಕೊಂಡ ಜೇನುಹುಳದಂತೆ ಸಣ್ಣಗೆ, ಎಡೆಬಿಡದೆ, ಒಂದೇ ಒಂದು ಸ್ವರ ಅವರ ಮೂಗಿನಿಂದ ಹೊರಡುತ್ತಿತ್ತು. ತೀರ ಹತ್ತಿರ ಕೂತವಳು ಯಾವಾಗಲೂ ನಾನೇ.

“ಎಲ್ಲಿಗಿ ಯಜಮಾನ್ರ?” ಎಂದು ಕಂಡಕ್ಟರ್ ಕೇಳುತ್ತಿದ್ದ. ಮಾಸ್ತರರು ನನ್ನ ಕಡೆ ಕಣ್ಣು ತಿರುಗಿಸುತ್ತಿದ್ದರು.

“ಸೇಡಂ ರೀ. ಅವರು ಮಾತಾಡಂಗಿಲ್ಲ.”

“ಮೌನವ್ರತ ಏನ್ರಿ?”

“ಹೂಂ ರೀ.”

“ಮತ್ತ ಗುಂಯ್ ಗುಂಯ್ ಅನ್ಲಿಕತ್ತಾರಲ್ರಿ?”

ನಾನು ಕಿಟಕಿಯ ಆಚೆ ತೊಗರಿ ಹೊಲ ನೋಡುತ್ತಿದ್ದೆ. ಸೇಡಂನಲ್ಲಿ ಇಳಿದು, ಕೆಲಸ ಮುಗಿಸಿ, ಬಾಯಿ ಬಿಟ್ಟ ಮೇಲೆ ಅವರು ಆ ಸುಳ್ಳಿಗಾಗಿ ನನಗೇ ಬೈಯುತ್ತಿದ್ದರು. “ಮೌನವ್ರತ ಅಂತ ಯಾಕ ಹೇಳ್ದಿ? ಬಾಯಿ ಬಿಟ್ರ ಸ್ವರ ಚೆಲ್ಲತದ ಅಂತ ಸೀದಾ ಹೇಳಬೇಕಿತ್ತು.”

“ಹಂಗಂದ್ರ ಇಬ್ಬರನ್ನೂ ಅರ್ಧಾ ದಾರ್ಯಾಗ ಇಳಸ್ತಾರ್ರಿ ಮಾಸ್ತರ್ರ.”

ಹದಿಮೂರು ವರ್ಷ ನಾನು ಅವರ ಪರವಾಗಿ ಬಸ್ಸಿನಲ್ಲಿ ಮಾತಾಡಿದೆ. ಆ ಬಾಯೊಳಗಿನ ಸ್ವರ ಜಾರತೊಡಗಿದೆ ಎಂದು ಅವರಿಗೇ ಹೇಳಬೇಕಾದ ದಿನ ಬಂದಾಗಲೂ ಹೇಳಬೇಕಾದವಳು ನಾನೇ ಆದೆ. ಇಡೀ ಸೇಡಂನಲ್ಲಿ ಅದು ಗೊತ್ತಾಗುವಷ್ಟು ಕಿವಿ ನನ್ನೊಬ್ಬಳಿಗೇ ಇತ್ತು. ಆ ಕಿವಿ ಕೊಟ್ಟವರು ಅವರೇ. ಸಿಟ್ಟು ಬರುವುದು ಯಾರ ಮೇಲೆ?

ನಮ್ಮ ಹಿತ್ತಲಿನ ಪರಸಿಕಲ್ಲಿನ ಗೋಡೆಯ ಆಚೆ ಅವರ ಮನೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಅವರ ಕೆಲಸ ಹಾರ್ಮೋನಿಯಂ ಪೆಟ್ಟಿಗೆಗಳನ್ನು ಹೊಂದಿಸುವುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಊರುಗಳಲ್ಲಿ ನಮ್ಮ ಮಂದಿಯ ಹೆಂಗಸರ ಭಜನಾ ಮಂಡಳಿಗಳಿವೆ. ವರ್ಷಕ್ಕೊಮ್ಮೆ ಐದೂ ಮಂಡಳಿಯವರು ತಮ್ಮ ತಮ್ಮ ಪೆಟ್ಟಿಗೆ ಹಿಡಿದು ಮಳಖೇಡದ ಒಬ್ಬ ಅಜ್ಜಿಯ ಪಡಸಾಲೆಯಲ್ಲಿ ಸೇರಿ, ಒಟ್ಟಿಗೆ ಹಾಡುತ್ತೇವೆ. ಅಜ್ಜಿಯ ಗಂಡ ದೊಡ್ಡ ಆಚಾರ್ಯರಾಗಿದ್ದರು. ಅವರು ಬಿಟ್ಟುಹೋದ ಹಳೆಯ ಪೆಟ್ಟಿಗೆಯೊಂದು ಆ ಮನೆಯಲ್ಲಿದೆ. ಅಂಗಡಿಯ ಹೊಸ ಪೆಟ್ಟಿಗೆಗಳಿಗಿಂತ ಅದರ ಷಡ್ಜ ಒಂದು ಕೂದಲೆಳೆ ಮೇಲಿದೆ. ಐದೂ ಪೆಟ್ಟಿಗೆಗಳು ಅದಕ್ಕೆ ಹೊಂದಿರಬೇಕು, ಇಲ್ಲವಾದರೆ ಆ ದಿನ ಪಡಸಾಲೆಯಲ್ಲಿ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಆ ಷಡ್ಜವನ್ನು ಮಳಖೇಡದಿಂದ ಊರೂರಿಗೆ ಬಾಯಲ್ಲಿ ಹೊತ್ತು ತರುವುದು, ತಂದು ಪೆಟ್ಟಿಗೆಯೊಳಗೆ ಸ್ವರ ನುಡಿಯುವ ಹಿತ್ತಾಳೆ ಪಟ್ಟಿಗಳನ್ನು ಅರದಿಂದ ಕೆರೆದು ಅದಕ್ಕೆ ಕೂಡಿಸುವುದು, ಇದು ಮಾಸ್ತರರ ಪದ್ಧತಿ.

ಇದರಲ್ಲಿ ಎಷ್ಟು ಸುಲಭದ ದಾರಿಗಳಿವೆ ಎಂದು ಓದುವವರಿಗೆ ಈಗಾಗಲೇ ಹೊಳೆದಿರುತ್ತದೆ. ನನಗೂ ಹೊಳೆದಿತ್ತು.

“ನಮ್ಮ ಪೆಟಿಗಿನೇ ಮಳಖೇಡಕ್ಕ ಒಯ್ದು ಅಲ್ಲೇ ಹೊಂದಸಬಾರದೇನ್ರಿ?”

“ಹಂಗ ಹೊಂದಸ್ಲಿಕ್ಕೆ ಯಾರು ಬೇಕಾದ್ರೂ ಬರ್ತಾರ. ನಾ ಯಾಕ ಬೇಕು?”

“ಮೊಬೈಲಿನ್ಯಾಗ ರೆಕಾರ್ಡ್ ಮಾಡ್ಕೊಂಡು ಬರೋಣ್ರಿ.”

“ಮೊಬೈಲಿಗಿ ಬಂತು ಸ್ವರ. ನಿನಗೆಲ್ಲಿ ಬಂತು?”

ಇಂಥವರ ಜೊತೆ ವಾದ ಮಾಡುವುದಕ್ಕಿಂತ ರೊಟ್ಟಿ ಬಡಿಯುವುದು ಮೇಲು.

ನಾನು ಅವರ ಕೈಗೆ ಸಿಕ್ಕದ್ದೂ ನನ್ನ ಇಚ್ಛೆಯಿಂದಲ್ಲ. ನಮ್ಮ ಮಂಡಳಿಯಲ್ಲಿ ಪೆಟ್ಟಿಗೆ ಬಾರಿಸುತ್ತಿದ್ದಾಕೆ ಗಂಡನ ವರ್ಗಾವಣೆಯಾಗಿ ಊರು ಬಿಟ್ಟರು. ಮುಂದೆ ಯಾರು ಎಂದು ಮಾತು ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕಂಠ ಚೆನ್ನಾಗಿದೆ ಎಂದಲ್ಲ. “ಈಕಿ ಒಲ್ಲೆ ಅನ್ನಂಗಿಲ್ಲ” ಎಂದು ಮಂಡಳಿಯ ಹಿರಿಯರು ಕಾರಣ ಹೇಳಿಯೇಬಿಟ್ಟರು. ಮರುದಿನ ಅಡಿಗೆ ಮುಗಿಸಿ, ಹನ್ನೊಂದಕ್ಕೆ, ಮಾಸ್ತರರಿಗೆ ಒಂದು ಡಬ್ಬಿಯಲ್ಲಿ ಪುಂಡಿಪಲ್ಯ ಹಾಕಿಕೊಂಡು ಹೋದೆ. ಆರು ತಿಂಗಳಲ್ಲಿ ಹತ್ತು ಪದ ಬಾರಿಸಲು ಬಂದರೆ ಸಾಕು ಎಂಬುದು ನನ್ನ ಲೆಕ್ಕ.

ಮಾಸ್ತರರು ಪೆಟ್ಟಿಗೆಯ ಒಂದು ಮನೆ, ಅಂದರೆ ಒಂದು ಕೀಲಿ, ಒತ್ತಿದರು. “ಹಿಡಕೋ” ಎಂದರು. ಗಾಳಿ ಊದುವ ಭಾತೆಯಿಂದ ಕೈ ತೆಗೆದರು. ನಾನು ಏನು ಹಿಡಿಯಬೇಕೆಂದು ಸುತ್ತ ನೋಡಿದೆ.

“ಇವತ್ತ ಏನ ಮಾಡೀದಿ ಅಡಗಿ?”

“ಪುಂಡಿಪಲ್ಯ ರೀ, ತೊವ್ವೆ, ರೊಟ್ಟಿ.”

“ತೊವ್ವೆಗಿ ಇಂಗು ಹಾಕೀದಿಯೇನು?”

“ಹಾಕೀನ್ರಿ.”

“ನಳ ಬಂದಿತ್ತೇನು ಮುಂಜಾನೆ?”

“ಬಂದಿತ್ರಿ, ಆರಕ್ಕ.”

“ಹಾಂ. ಉಳದದೇನು?”

“ಪಲ್ಯ ಏನ್ರಿ? ಭಾಳ ಉಳದದ.”

“ಸ್ವರ!” ಎಂದು ಅವರು ಮಣೆ ಗುದ್ದಿದರು.

ಎರಡು ವರ್ಷ ಇದೇ ಪಾಠ. ಪದವಿಲ್ಲ, ರಾಗವಿಲ್ಲ. ಒಂದು ಸ್ವರ, “ಹಿಡಕೋ”, ಆಮೇಲೆ ಊರ ಮಾತು, ಆಮೇಲೆ “ಉಳದದೇನು?” ಮಂಡಳಿಯವರು ವಾರಕ್ಕೊಮ್ಮೆ ಕೇಳುತ್ತಿದ್ದರು, “ಎಷ್ಟ ಪದ ಆದ್ವು?” ಒಂದೂ ಆಗಿಲ್ಲ ಎನ್ನಲು ನಾಚಿಕೆಯಾಗಿ, “ಬುನಾದಿ ನಡದದ” ಎನ್ನುತ್ತಿದ್ದೆ. “ಎರಡು ವರ್ಷದಾಗ ಜನ ಮನಿ ಕಟ್ಟಿ ವಾಸ್ತು ಮಾಡ್ತಾರ, ನಿಂದಿನ್ನೂ ಬುನಾದಿನೇ?” ಎಂದು ನಮ್ಮೆಜಮಾನರು.

ಆದರೆ ದಿನಾ ಒಂದೇ ಕೆಲಸ ಮಾಡುವವರಿಗೆ ಅದರ ಗುಣ ತಿಳಿಯುತ್ತದೆ. ಮಾಸ್ತರರು ಬರಿಯ ಮಾತಾಡಿದರೆ ಸ್ವರ ಹೇಗೋ ಉಳಿಯುತ್ತಿತ್ತು. ಇಂಗು, ನಳ, ಬಸ್ಸು, ನೆಂಟರು, ಏನು ಬೇಕಾದರೂ ಮಾತಾಡಲಿ. ಅದೇ ಅವರು ಮಾತು ಬಿಟ್ಟು ಪೆಟ್ಟಿಗೆಯ ಬೇರೆ ನಾಲ್ಕು ಮನೆಗಳನ್ನು ಒತ್ತಿದರೋ, ನನ್ನದು ಮಾಯ. ಅದರಲ್ಲೂ ಪಕ್ಕದ ಮನೆ ಒತ್ತಿದರಂತೂ ಯಾವುದು ನನ್ನದು, ಯಾವುದು ಅವರದು ಎಂಬುದೇ ತಿಳಿಯುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಇದನ್ನು ಎಷ್ಟು ಸಲ ಕಂಡಿಲ್ಲ! ಗೋಧಿಹಿಟ್ಟಿನ ಡಬ್ಬಿಗೆ ಸಾಸಿವೆ ಚೆಲ್ಲಿದರೆ ಆರಿಸಬಹುದು. ಜೋಳದ ಹಿಟ್ಟು ಬಿದ್ದರೆ ಯಾರು ಆರಿಸುತ್ತಾರೆ? ಇದನ್ನು ಹೇಳಿದಾಗ ಮಾಸ್ತರರು ಮೊದಲ ಸಲ ನನ್ನನ್ನು ಪೂರ್ತಿ ಮುಖ ಎತ್ತಿ ನೋಡಿದರು. “ಅಂದ್ರ ನಿನಗ ತಲಿ ಅದ” ಎಂದರು. ಅದನ್ನು ಹೊಗಳಿಕೆ ಎಂದುಕೊಂಡೆ.

ಮನೆಯಲ್ಲೂ ಅಭ್ಯಾಸ ಶುರುವಾಯಿತು. ಕುಕ್ಕರಿನ ಸೀಟಿಯನ್ನು ಹಿಡಿದು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕಿ ಬಂದು, ಮುಂದಿನ ಸೀಟಿಗೆ ತಾಳೆ ನೋಡುವುದು. ನೀರಿನ ಮೋಟಾರು, ಮಿಕ್ಸಿ, ಗುಡಿಯ ಗಂಟೆ, ಯಾವುದನ್ನೂ ಬಿಡಲಿಲ್ಲ. ಕ್ರಮೇಣ ಒಂದು ಉಪಾಯ ಕಲಿತೆ. ಕೇಳಿದ ಸ್ವರಕ್ಕೆ ಹೆಸರಿಟ್ಟುಬಿಡುವುದು: ಇದು ಗಾಂಧಾರ, ಇದು ಕರಿ ನಾಲ್ಕು. ಹೆಸರು ನೆನಪಿದ್ದರೆ ಸಾಕು, ಸ್ವರವನ್ನು ಅಲ್ಲಿಂದ ಎತ್ತಿಕೊಳ್ಳಬಹುದು. ಒಂದು ತಿಂಗಳು ಒಂದೂ ತಪ್ಪಲಿಲ್ಲ. ನನಗೆ ಬಂತು ಎಂದು ಹಿಗ್ಗಿದೆ.

ಮಾಸ್ತರರಿಗೆ ಅನುಮಾನ ಬಂತು. ಒಂದು ದಿನ ಪೆಟ್ಟಿಗೆ ಮುಟ್ಟದೆ, ಬಾಯಿಂದಲೇ, ಎರಡು ಮನೆಗಳ ನಡುವಿನ ಒಂದು ಸ್ವರ ಹೇಳಿ “ಹಿಡಕೋ” ಎಂದರು. ನಾನು ಅದಕ್ಕೆ ಹತ್ತಿರದ ಹೆಸರಿಟ್ಟು, ಮಾತೆಲ್ಲ ಮುಗಿದ ಮೇಲೆ ಆ ಹೆಸರಿನ ಸ್ವರವನ್ನೇ ಠೀವಿಯಿಂದ ಹೇಳಿದೆ.

“ಸಿಕ್ಕಿಬಿದ್ದಿ!” ಎಂದರು. “ಹೆಸರು ಹಚ್ಚಬ್ಯಾಡ. ಹೆಸರು ಹಚ್ಚಿದ್ರ ಅದು ನಿನ್ನ ಪೆಟಿಗಿ ಸ್ವರ ಆತದ. ಬಂದದ್ದು ಹೆಂಗ ಬಂದದೋ ಹಂಗ ಇಟ್ಕೋಬೇಕು.”

ಮತ್ತೆ ಮೊದಲಿನಿಂದ. ಆ ದಿನ ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಇಷ್ಟೆಲ್ಲ ನೆನಪಿನ ಪಾಠ ಹೇಳುವ ಮನುಷ್ಯನ ಸ್ವಂತ ನೆನಪು ಹೇಗಿತ್ತೆಂದರೆ, ಒಲೆಯ ಮೇಲೆ ಹಾಲಿಟ್ಟು ನಮ್ಮ ಮನೆಗೆ ಬಂದು ಪೇಪರು ಓದುತ್ತಿದ್ದರು. ಹಾಲು ಹೊತ್ತಿದ ವಾಸನೆ ಗೋಡೆ ದಾಟಿ ಬಂದಾಗ, “ಯಾರದೋ ಹಾಲು ಹೊತ್ಲಿಕತ್ತದ ನೋಡು” ಎನ್ನುತ್ತಿದ್ದರು. ಶಹಾಬಾದಕ್ಕೆ ಹೋದವರು ಯಾರದೋ ಚಪ್ಪಲಿ ಹಾಕಿಕೊಂಡು ಬರುತ್ತಿದ್ದರು, ಅದೂ ಎರಡು ಬೇರೆ ಬೇರೆ ಮನೆಯವು. ಒಂದು ಸಲ ನಮ್ಮ ಬಾಗಿಲಿಗೆ ಬಂದು ನಿಂತು, “ತಂಗಿ, ನಾ ಯಾಕ ಬಂದಿದ್ದೆ?” ಎಂದು ನನ್ನನ್ನೇ ಕೇಳಿದರು. ಸ್ವರದ ನೆನಪು ಬೆಳೆದರೆ ಉಳಿದ ನೆನಪೂ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಆ ತಲೆಯ ಪೆಟ್ಟಿಗೆಯಲ್ಲಿ ಅದೊಂದೇ ಮನೆ ನುಡಿಯುತ್ತಿತ್ತು.

ನನಗೆ ಬಂದದ್ದು ವಾಡಿಯಲ್ಲಿ. ಅಲ್ಲಿನ ಮಂಡಳಿಯ ಪೆಟ್ಟಿಗೆ ನೋಡಿಕೊಂಡು ಸೇಡಂಗೆ ತಿರುಗುವ ದಿನ. ಹೊರಡುವಾಗ ಮಾಸ್ತರರು ಹೆಸರಿಗೆ ಸಿಗದ ಒಂದು ಸ್ವರ ಹೇಳಿ “ಚಿತ್ತಾಪುರದ ಮಟ ಹಿಡಕೋ” ಎಂದರು. ವಾಡಿ ಜಂಕ್ಷನ್ ಎಂದರೆ ಸ್ವರದ ವೈರಿಗಳೆಲ್ಲ ಕೂಡುವ ಜಾಗ. ಪ್ರತಿ ಪ್ರಕಟಣೆಗೆ ಮುಂಚೆ ಟಿಂಗ್ ಟಾಂಗ್ ಟಿಂಗ್ ಎನ್ನುವ ಮೂರು ಸ್ವರ, ಗೂಡ್ಸ್ ಗಾಡಿಯ ಕೂಗು, ಚಹಾದವನ ರಾಗ. ನಾನು ತುಟಿ ಮುಚ್ಚಿ, ಗಂಟಲ ಮೇಲೆ ಬೆರಳಿಟ್ಟು ಕೂತೆ. ಆಗ ಮೊದಲ ಸಲ ತಿಳಿಯಿತು, ನಾನು ಈ ಗದ್ದಲದ ಜೊತೆ ಜಗಳವಾಡುತ್ತಿಲ್ಲ ಎಂದು. ಟಿಂಗ್ ಟಾಂಗ್ ಬಂದಾಗ ಅದು ನನ್ನದಕ್ಕಿಂತ ಎಷ್ಟು ಮೇಲಿದೆ ಎಂಬುದು ಕೇಳುತ್ತಿತ್ತು. ಕೂಗು ಎಷ್ಟು ಕೆಳಗಿದೆ ಎಂಬುದೂ. ಬಂದವರೆಲ್ಲ ನನ್ನ ಸ್ವರದ ಸುತ್ತ ತಮ್ಮ ತಮ್ಮ ಜಾಗದಲ್ಲಿ ಕೂತು, ಎದ್ದು ಹೋದರು. ಅದು ಅಲುಗಲಿಲ್ಲ.

ಚಿತ್ತಾಪುರದ ಪ್ಲಾಟ್‌ಫಾರಂ ಕಂಡಿತು. “ಉಳದದೇನು?”

ಹೇಳಿದೆ. ಅವರು ಕಣ್ಣು ಮುಚ್ಚಿ ತಮ್ಮದಕ್ಕೆ ಹೋಲಿಸಿ ನೋಡಿದರು. “ಹಂ” ಎಂದರು. ಅಷ್ಟೇ. ಎರಡೂವರೆ ವರ್ಷದ ದುಡಿತಕ್ಕೆ ಒಂದು ಹಂ. ಮುಂದಿನ ಮಾತು, “ಡಬ್ಬಿ ತೆಗಿ, ಹಸದೀನಿ.”

ಡಬ್ಬಿ ವಾಡಿಯ ಬೆಂಚಿನ ಮೇಲೆ ಉಳಿದಿತ್ತು. ಮೂರು ಖಾನೆ, ಶೇಂಗಾ ಹಿಂಡಿ ಸಮೇತ. ಹುಟ್ಟಿದಾಗಿನಿಂದ ಒಂದು ಚಮಚ ಕಳೆದವಳಲ್ಲ ನಾನು.

ಮಾಸ್ತರರು ಗಾಡಿಯ ಮಂದಿಯೆಲ್ಲ ತಿರುಗಿ ನೋಡುವಂತೆ ನಕ್ಕರು. “ಈಗ ಕಲತಿ ನೋಡು! ಈಗ ಖರೇ ಕಲತಿ!”

ಅದಾದ ಮೇಲೆ ಪದಗಳೂ ಬಂದವು. ಮಂಡಳಿಯ ಪೆಟ್ಟಿಗೆ ನನ್ನ ಕೈಗೆ ಬಂತು. ಮಳಖೇಡಕ್ಕೆ ಹೋಗುವಾಗಲೆಲ್ಲ ಮಾಸ್ತರರ ಜೊತೆ ನಾನು, ಅವರ ಬಾಯಿಯಾಗಿ. ಅವರು ಒಯ್ಯುವ ಸ್ವರವನ್ನು ಸುಮ್ಮನೆ ಚಟಕ್ಕೆ ನಾನೂ ಹಿಡಿದುಕೊಂಡಿರುತ್ತಿದ್ದೆ, ಬಾಯಿಂದಲ್ಲ, ಗಂಟಲ ಒಳಗೆ. ಮಾತಾಡುತ್ತಲೇ ಹಿಡಿಯುವುದು ನನಗೆ ಬರುತ್ತಿತ್ತು, ಅವರೇ ಹಾಗೆ ಕಲಿಸಿದ್ದರು. ಸೇಡಂನಲ್ಲಿ ಇಳಿದಾಗ ಎರಡೂ ಒಂದೇ ಇರುತ್ತಿದ್ದವು.

ಎರಡು ವರ್ಷದ ಹಿಂದೆ ಒಂದು ಸಲ ಒಂದೇ ಇರಲಿಲ್ಲ.

ನಮ್ಮ ಮಂಡಳಿಯ ಪೆಟ್ಟಿಗೆಗೆ ಹೊಸ ಪಟ್ಟಿಗಳನ್ನು ಹಾಕಿದ್ದೆವು. ಎಂದಿನಂತೆ ಮಳಖೇಡದಿಂದ ಬಸ್ಸು. ಆದಿತ್ಯನಗರದಲ್ಲಿ ಪಾಳಿ ಬಿಟ್ಟ ಕಾರ್ಮಿಕರು ಹತ್ತಿದರು, ಅದೇ ಹೊತ್ತಿಗೆ ಕಾರ್ಖಾನೆಯ ಭೋಂಗಾ ಕೂಗಿತು. ಮನೆ ಮುಟ್ಟಿ ಮಾಸ್ತರರು ಬಾಯಿ ತೆರೆದು ಷಡ್ಜ ಹೇಳಿದರು. ನನ್ನ ಗಂಟಲಲ್ಲಿದ್ದದ್ದಕ್ಕಿಂತ ಅದು ತುಸು ಕೆಳಗಿತ್ತು.

“ಉಳದದೇನು?” ಎಂದು ನನ್ನನ್ನೂ ಕೇಳಿದರು. ನಾನು ನನ್ನದನ್ನು ಬಿಟ್ಟು ಅವರದ್ದನ್ನೇ ಹೇಳಿದೆ. ಮಾಸ್ತರರು ತಪ್ಪುತ್ತಾರೆಯೇ? ನಾನೇ ತಪ್ಪಿರಬೇಕು. ಅವರು ಪಟ್ಟಿಗಳ ಬುಡ ಕೆರೆದು ಇಡೀ ಪೆಟ್ಟಿಗೆಯನ್ನು ಆ ಇಳಿದ ಸ್ವರಕ್ಕೆ ಕೂಡಿಸಿದರು. ಮಂಡಳಿಯ ಹೆಂಗಸರು, “ಈ ಸಲ ಭಾಳ ಆರಾಮ ಅದ ನೋಡ್ರಿ ಹಾಡ್ಲಿಕ್ಕೆ” ಎಂದು ಹೊಗಳಿದರು. ಆರಾಮ ಯಾಕಿರದು, ಇಳಿದಿದೆಯಲ್ಲ!

ಮುಂದಿನ ಸಲ ಮಳಖೇಡಕ್ಕೆ ಹೋದಾಗ ಮಾಡಬಾರದ್ದನ್ನು ಮಾಡಿದೆ. ಸೆರಗಿನೊಳಗೆ ಮೊಬೈಲು ಹಿಡಿದು ಅಜ್ಜಿಯ ಪೆಟ್ಟಿಗೆಯ ಷಡ್ಜವನ್ನು ಕದ್ದು ತಂದೆ. ಮನೆಯಲ್ಲಿ ನಮ್ಮ ಪೆಟ್ಟಿಗೆಯ ಪಕ್ಕ ಇಟ್ಟು ಬಾರಿಸಿದೆ. ಕಾಲೇಜಿಗೆ ಹೊರಟಿದ್ದ ಮಗಳು ಚಪ್ಪಲಿ ಹಾಕಿಕೊಳ್ಳುತ್ತಲೇ, “ಅಮ್ಮಾ, ನಮ್ಮದು ಕೆಳಗದ. ನನಗೂ ಕೇಳಸ್ಲಿಕತ್ತದ” ಎಂದಳು.

“ನೀ ಸುಮ್ಮಕಿರು.”

“ಮಾಸ್ತರ್ರಿಗೆ ಹೇಳೀದಿಯೇನು?”

“ಸುಮ್ಮಕಿರು ಅಂದೆ.”

ನಾಲ್ಕು ತಿಂಗಳು ನಾನೂ ಸುಮ್ಮನಿದ್ದೆ. ಸಮಾಧಾನದ ಹೆಂಗಸು ಎಂದು ನನಗೆ ಊರಲ್ಲಿ ಹೆಸರಿದೆ. ಆ ಸಮಾಧಾನದ ಅರ್ಧ ಭಾಗ ಅಂಜಿಕೆ ಎಂದು ನನಗಷ್ಟೇ ಗೊತ್ತು. ಆ ನಾಲ್ಕು ತಿಂಗಳಲ್ಲಿ ಮಾಸ್ತರರು ಚಿಂಚೋಳಿಗೆ ಹೋಗಿಬಂದರು. ಮಳಖೇಡದಿಂದ ಸೇಡಂ, ಅಲ್ಲಿ ಬಸ್ಸು ಬದಲಿಸಿ ಮುಂದೆ. ನಾನು ಜ್ವರದ ನೆಪ ಹೇಳಿ ಉಳಿದೆ. ಆ ಉದ್ದ ದಾರಿಯಲ್ಲಿ ಸ್ವರ ಎಷ್ಟು ಇಳಿಯಬೇಕೋ ಅಷ್ಟು ಇಳಿದು, ಚಿಂಚೋಳಿಯ ಪೆಟ್ಟಿಗೆಯ ಪಟ್ಟಿಗಳು ನಮ್ಮವಕ್ಕಿಂತ ಹೆಚ್ಚು ಕೆರೆಸಿಕೊಂಡವು. ಅದರಲ್ಲಿ ನನ್ನ ಪಾಲಿದೆ.

ಆ ವರ್ಷ ಅಜ್ಜಿಯ ಪಡಸಾಲೆಯಲ್ಲಿ ಐದೂ ಪೆಟ್ಟಿಗೆಗಳು ಒಟ್ಟಿಗೆ ಬಾಯಿ ತೆರೆದವು. ವಾಡಿ, ಚಿತ್ತಾಪುರ, ಶಹಾಬಾದದವು ಹಿಂದೆ ಹೊಂದಿಸಿದವು. ಅವು ಒಂದು ಕಡೆ. ಸೇಡಂ ತುಸು ಕೆಳಗೆ. ಚಿಂಚೋಳಿ ಇನ್ನೂ ಕೆಳಗೆ. ಹಾಡು ಎರಡನೆಯ ಸಾಲಿಗೆ ನಿಂತಿತು.

“ಐದು ಮಂದಿ ಸೊಸೆಂದ್ರು ಒಂದ ಒಲಿ ಮುಂದ ನಿಂತಂಗ ಆಗ್ಯದಲ್ಲೋ!” ಎಂದು ಅಜ್ಜಿ ಒಳಗಿನಿಂದ ಕೂಗಿದಳು.

ಮಾಸ್ತರರು ಒಂದೊಂದೇ ಪೆಟ್ಟಿಗೆಯ ಮುಂದೆ ಕೂತು ಕೇಳಿದರು. ಕೊನೆಗೆ ಅಜ್ಜಿಯ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂತರು. ಎದ್ದು, ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು. “ಸೇಡಂದು, ಚಿಂಚೋಳಿದು ಬರೋಬರ್ ಅವ. ಮೊನ್ನೆ ನಾನೇ ತಂದೀನಿ. ಉಳದ ಮೂರೂ ಏರ್ಯಾವ. ಅಜ್ಜೀದೂ ಏರ್ಯದ, ಹಳೇದಾತು. ಗುರುವಾರ ಬಂದು ಇಳಸ್ತೀನಿ.”

ಪಡಸಾಲೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಮಾಸ್ತರರ ಮಾತು. ಪಟ್ಟಿಯ ಹಿತ್ತಾಳೆ ಕೆರೆದರೆ ಕೆರೆದಂತೆಯೇ, ಮತ್ತೆ ಮೆತ್ತಲು ಬರುವುದಿಲ್ಲ. ನಮ್ಮ ಪೆಟ್ಟಿಗೆ ಕೆಟ್ಟರೆ ಮಳಖೇಡಕ್ಕೆ ಬಂದು ಕೇಳಿ ಸರಿಪಡಿಸಬಹುದು. ಮಳಖೇಡದ್ದೇ ಹೋದರೆ ಯಾರನ್ನು ಕೇಳುವುದು?

ಗುರುವಾರ ಬಸ್ಸಿನಲ್ಲಿ ಹೋಗುವಾಗ ಹತ್ತು ಸಲ ಬಾಯಿ ತೆರೆದೆ. ಹತ್ತು ಸಲವೂ ಅವರು ಬೇರೆ ಏನೋ ಹೇಳಿದರು. ಅಜ್ಜಿಯ ಪಡಸಾಲೆಯಲ್ಲಿ ಪಂಚೆ ಹಾಸಿ, ಪೆಟ್ಟಿಗೆಯ ಮೇಲಿನ ಹಲಗೆಯ ತಿರುಪುಗಳನ್ನು ಬಿಚ್ಚಿ ಒಂದು ಬಟ್ಟಲಿನಲ್ಲಿ ಹಾಕಿದರು. ಹಿತ್ತಾಳೆಯ ಪಟ್ಟಿಗಳು ಸಾಲಾಗಿ ಹೊಳೆದವು. ಅರ ಕೈಗೆ ತೆಗೆದುಕೊಂಡು ಷಡ್ಜದ ಪಟ್ಟಿಯ ಬುಡಕ್ಕೆ ಇಟ್ಟರು.

“ಅದು ಏರಿಲ್ರಿ ಮಾಸ್ತರ್ರ.”

“ಏರ್ಯದ.”

“ಏರಿಲ್ರಿ. ನೀವು ಇಳದೀರಿ.”

ಅರ ಅಲ್ಲೇ ನಿಂತಿತು. ಅಜ್ಜಿ ಬತ್ತಿ ಹೊಸೆಯುವುದನ್ನು ಬಿಟ್ಟಳು.

“ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ. ನನಗ ಕೇಳಸ್ತು.”

“ಎಂದು?”

“ಆಗ್ಲೇ ರೀ, ಹೊಸಾ ಪಟ್ಟಿ ಹಾಕಿದಾಗ.”

“ಮತ್ತ ಇಷ್ಟ ದಿವಸ ಬಾಯಾಗ ಏನ ಇಟ್ಕೊಂಡಿದ್ದಿ?”

ಅವರು ಸಿಟ್ಟಿನಿಂದ ಏಳುತ್ತಾರೆ ಎಂದುಕೊಂಡೆ. ಏಳಲಿಲ್ಲ. ಅರವನ್ನು ಪಂಚೆಯ ಮೇಲಿಟ್ಟು, ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿದರು. “ಕೊಡು” ಎಂದರು.

ನಾನು ಷಡ್ಜ ಒತ್ತಿದೆ. ನನ್ನ ಬಾಯಿಂದ ಆ ಮಾತು ಬಂತು. “ಹಿಡ್ಕೋರಿ.”

ಭಾತೆಯಿಂದ ಕೈ ತೆಗೆದು ಮಾತು ಶುರು ಮಾಡಿದೆ. ಏನು ಮಾತಾಡುವುದು? “ಮುಂಜಾನೆ ನಳ ಬಂದಿತ್ತೇನ್ರಿ?”

“ಬಂದಿತ್ತು.”

“ಹಾಲು ಕಾಸಿದ್ರೇನ್ರಿ?”

“ಕಾಸೀನಿ.”

“ಒಲಿ ಆರಿಸೀರೇನ್ರಿ?”

ಅವರು ಒಂದು ಕ್ಷಣ ಯೋಚಿಸಿದರು. “ಅದು ನೆನಪಿಲ್ಲ.”

ಅಜ್ಜಿ ಕಿಸಕ್ಕನೆ ನಕ್ಕಳು. ನನಗೆ ಅಳು ಬರುವಂತಿತ್ತು. ಆದರೂ ಬಿಡಲಿಲ್ಲ, ಬಿಟ್ಟರೆ ಅವರೇ ಒಪ್ಪುತ್ತಿರಲಿಲ್ಲ. ಬೇರೆ ನಾಲ್ಕು ಮನೆ ಒತ್ತಿದೆ, ಕೊನೆಗೆ ಪಕ್ಕದ ಮನೆಯನ್ನೂ. ಹದಿಮೂರು ವರ್ಷದ ಸಿಟ್ಟನ್ನೆಲ್ಲ ತೀರಿಸಿಕೊಳ್ಳಬಹುದಿತ್ತು, ಆದರೆ ಪಕ್ಕದ ಮನೆಯನ್ನು ಎಷ್ಟು ಮೆಲ್ಲಗೆ ಒತ್ತಿದೆನೆಂದರೆ ಅವರೇ ಗದರಿದರು, “ಜೋರಾಗಿ ಒತ್ತು!”

“ಉಳದದೇನ್ರಿ?”

ಅವರು ಹೇಳಿದರು. ತುಂಬಿದ, ನೆಟ್ಟಗಿನ, ಒಂದಿಷ್ಟೂ ನಡುಗದ ಸ್ವರ. ಇಳಿದ ಸ್ವರ. ಅವರು ಹೇಳುತ್ತಿದ್ದಂತೆಯೇ ನಾನು ಷಡ್ಜ ಒತ್ತಿದೆ. ಎರಡೂ ತಾಗಿ, ಹೊಂದದ ಸ್ವರಗಳ ನಡುವೆ ಏಳುವ ಆ ತೇಲುವ ಗುಂಯ್‌ಗುಂಯ್ ಎದ್ದಿತು. ಹಿಡಿದಿಡುವ ಶಕ್ತಿ ಸಡಿಲಾಗಿತ್ತು, ಆದರೆ ಎದುರಿಗೇ ಕೇಳಿದರೆ ಫರಕ್ಕು ತಿಳಿಯುವ ಕಿವಿ ಅವರಿಗೆ ಇನ್ನೂ ಇತ್ತು. ಅವರ ಮುಖದಲ್ಲಿ ಅದನ್ನು ಕಂಡೆ.

ಆಮೇಲೆ ಬಟ್ಟಲಿನಿಂದ ತಿರುಪುಗಳನ್ನು ಒಂದೊಂದೇ ತೆಗೆದು ಹಲಗೆಗೆ ಬಿಗಿದರು. ಎಲ್ಲ ಮುಗಿದ ಮೇಲೆ ಅರವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಚೀಲದಲ್ಲಿ ಹಾಕಿದರು. “ನನ್ನ ಹತ್ರ ಇದ್ರ ಎಲ್ಲೆರ ಮರೀತೀನಿ” ಎಂದರು. ಷಡ್ಜ ಒತ್ತಿ ನನ್ನ ಕಡೆ ನೋಡಿದರು. “ಹಿಡಕೋ. ನಿಮ್ಮ ಪೆಟಿಗಿ ಸುಧಾರಸ್ಬೇಕಲ್ಲ.”

ಆ ಬಸ್ಸಿನಲ್ಲಿ ನಾನು ತುಟಿ ಮುಚ್ಚಿ ಕೂತೆ. ನನಗೆ ಮಾತಾಡುತ್ತಲೂ ಹಿಡಿಯಲು ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆ ದಿನ ಮಾತು ಬೇಡವಾಗಿತ್ತು. ಮಾಸ್ತರರೋ, ಹದಿಮೂರು ವರ್ಷದ ಮಾತನ್ನೆಲ್ಲ ಆ ದಾರಿಯಲ್ಲೇ ಆಡಿದರು. ಮುಂದಿನ ಸೀಟಿನವನ ಊರು ಕೇಳಿದರು, ಆದಿತ್ಯನಗರದಲ್ಲಿ ಹತ್ತಿದವರ ಪಾಳಿ ಕೇಳಿದರು. ಕಂಡಕ್ಟರ್ ಬಂದು ನನ್ನ ಆಧಾರ್ ಕಾರ್ಡು ಕೇಳಿದಾಗ ಅವರೇ ಉತ್ತರಿಸಿದರು.

“ಆಕಿ ಮಾತಾಡಂಗಿಲ್ಲ. ಆಕಿ ಬಾಯಾಗ ಸ್ವರ ಅದ. ಬಾಯಿ ಬಿಟ್ರ ಚೆಲ್ಲತದ.”

ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ, ಟಿಕೆಟ್ ಹರಿದು ಕೊಟ್ಟು, ಹಿಂದಿನ ಸೀಟಿಗೆ ಹೋದ. ಯಾರೂ ಅರ್ಧ ದಾರಿಯಲ್ಲಿ ಇಳಿಸಲಿಲ್ಲ.

ನಮ್ಮ ಪೆಟ್ಟಿಗೆಯನ್ನು ಆ ವಾರವೇ ಪಟ್ಟಿಯ ತುದಿ ಕೆರೆದು ಮೇಲೆತ್ತಿದೆವು. ಚಿಂಚೋಳಿಯದಕ್ಕೆ ಪಟ್ಟಿಗಳನ್ನೇ ಬದಲಿಸಬೇಕಾಯಿತು. ಎಲ್ಲ ಕಡೆ ಮಾಸ್ತರರು ಪಕ್ಕದಲ್ಲಿ ಕೂತು ನನ್ನ ಕೈ ಸರಿಯಿಲ್ಲ, ಅರ ಹಿಡಿಯುವುದು ಸರಿಯಿಲ್ಲ, ಕೂತದ್ದು ಸರಿಯಿಲ್ಲ ಎಂದು ಬೈದರು. ಸ್ವರ ಸರಿಯಿಲ್ಲ ಎಂದು ಮಾತ್ರ ಹೇಳಲಿಲ್ಲ.

ಕಳೆದ ಮಾಘದಲ್ಲಿ ಅವರಿಗೆ ಎದೆನೋವು ಬಂತು. ದವಾಖಾನೆಯಲ್ಲಿ ನಾಲ್ಕು ದಿನ. ತಲೆಯ ಹತ್ತಿರ ಯಂತ್ರವೊಂದು ಸಣ್ಣಗೆ ಕೂಗುತ್ತಿತ್ತು. ಮೂರನೆಯ ದಿನ ಗಂಜಿ ಒಯ್ದಾಗ ಮಾಸ್ತರರು ಕಣ್ಣು ತೆರೆದು ಅದರ ಕಡೆ ಬೆರಳು ತೋರಿಸಿದರು. “ಎರಡು ಮನಿ ನಡುವ ಕುಂತದ. ಹೆಸರು ಹಚ್ಚಬ್ಯಾಡ” ಎಂದರು. ಆಮೇಲೆ, “ಮನ್ಯಾಗ ಒಲಿ ಆರಿಸೀನೇನು ನೋಡಿ ಬಾ.” ನೋಡಿ ಬಂದೆ. ಆರಿತ್ತು. ಹೇಳಿದಾಗ ನಿದ್ದೆಯಲ್ಲಿದ್ದರು. ಮರುದಿನ ಮಧ್ಯಾಹ್ನ ತೀರಿಕೊಂಡರು.

ಮೊನ್ನೆ ಶಹಾಬಾದದ ಮಂಡಳಿಯವರು ಹೊಸ ಪೆಟ್ಟಿಗೆ ಕೊಂಡರು. ಮಳಖೇಡಕ್ಕೆ ಹೋಗಬೇಕಾಯಿತು. ಮಗಳಿಗೆ ಕಾಲೇಜು ರಜೆ, ಎಳೆದುಕೊಂಡು ಹೋದೆ. ಅಲ್ಲಿಂದ ಶಹಾಬಾದದ ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನು, ನನ್ನ ಪಕ್ಕ ಅವಳು. “ನನ್ನ ಮೊಬೈಲಿನ್ಯಾಗ ಅದಲ್ಲಮ್ಮ ಸ್ವರ! ನೀ ಯಾಕ ಬಾಯಿ ಮುಚ್ಚಿ ಕುಂದರಬೇಕು?” ಎಂದು ಅವಳು ಮೂರು ಸಲ ಕೇಳಿದಳು. ನಾನು ಗಂಟಲ ಮೇಲಿನ ಬೆರಳು ತೆಗೆಯಲಿಲ್ಲ. ಕಂಡಕ್ಟರ್ ಬಂದ.

“ಎಲ್ಲಿಗ್ರಿ ಅಮ್ಮ?”

ನಾನು ಮಗಳ ಕಡೆ ಕಣ್ಣು ತಿರುಗಿಸಿದೆ. ಅವಳ ಮುಖ ಕೆಂಪಾಗಿತ್ತು. ಬಸ್ಸಿನಲ್ಲಿ ಅವಳ ಕಾಲೇಜಿನವರೂ ಇಬ್ಬರಿದ್ದರು. ನನ್ನ ಚೀಲ ಕಿತ್ತುಕೊಂಡು, ಎರಡೂ ಆಧಾರ್ ಕಾರ್ಡು ತೆಗೆದು, ಹಲ್ಲು ಕಚ್ಚಿ ಹೇಳಿದಳು, “ಶಹಾಬಾದ ಎರಡು ಕೊಡ್ರಿ. ಅಮ್ಮನ ಮೌನವ್ರತ ಅದ.”

ಆ ಸಿಟ್ಟು ನನಗೆ ಚೆನ್ನಾಗಿ ಗೊತ್ತು. ಸುಳ್ಳು ಯಾಕ ಹೇಳ್ದಿ ಎಂದು ಅವಳನ್ನು ಬೈಯಬೇಕಿತ್ತು. ಶಹಾಬಾದ ಇನ್ನೂ ದೂರವಿತ್ತು, ಇಳಿದು, ಸ್ವರವನ್ನು ಪೆಟ್ಟಿಗೆಗೆ ಒಪ್ಪಿಸಿದ ಮೇಲೆ ಬೈದೆ.